ಸರಪಳಿ ಬಿಚ್ಚಿದ ಮೇಲೆ ಎಲ್ಲಿಗೆ?

2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ದರ್ಗಾದ ಊರು ಏರ್ವಾಡಿಯಲ್ಲಿ ಮನೋರೋಗಿಗಳನ್ನಿರಿಸಿದ್ದ ಖಾಸಗಿ ಮನೆಯೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಮಂದಿ ಸತ್ತರು. ಸುಟ್ಟದ್ದು ದರ್ಗಾ ಅಲ್ಲ, ಆಸುಪಾಸಿನಲ್ಲಿ ದುಡ್ಡಿಗಾಗಿ ನಡೆಯುತ್ತಿದ್ದ ಮನೆ ಎಂದು ಹೇಳಿ ನಾವು ಪಾರಾಗಬಹುದೇ? ಆ ವ್ಯಾಪಾರಕ್ಕೆ ಬಂಡವಾಳವಾದದ್ದು ಹರಕೆ ಹೊತ್ತು ಬಂದವರ ನಂಬಿಕೆಯೇ.

ಆಗಲೂ 1987ರ ಕಾಯ್ದೆಯಿತ್ತು. ಇಂಥ ಮನೆಗಳಿಗೆ ಪರವಾನಗಿ ಬೇಕೆಂಬ ನಿಯಮವಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಮುಂದೆ ಹೋಗಿ, ಯಾವ ರೀತಿಯಲ್ಲೂ ಸರಪಳಿ ಹಾಕಕೂಡದೆಂದು 95ನೇ ಕಲಮಿನಲ್ಲಿ ಬರೆಯಿತು. ಆದರೂ 2019ರಲ್ಲಿ ಉತ್ತರ ಪ್ರದೇಶದ ಬದಾಯೂಂನ ಧಾರ್ಮಿಕ ಆಶ್ರಯವೊಂದರ ಸರಪಳಿಗಳ ದೂರು ಸುಪ್ರೀಂ ಕೋರ್ಟಿನ ಮುಂದೆ ಬಂತು.

ದೋಷವೆಲ್ಲ ನಂಬಿಕೆಯದಲ್ಲ. ಮನೆಯವರು ಸೇರಿಸಿಕೊಳ್ಳಲಿಲ್ಲವೆಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಬಾರದು ಎನ್ನುತ್ತದೆ 19ನೇ ಕಲಮು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಸಮುದಾಯದ ನಡುವೆ ಬಾಳುವ ಹಕ್ಕು ಕೊಟ್ಟಿದೆ. ಮನೋರೋಗವೂ ಅದರ ಪಟ್ಟಿಯಲ್ಲಿದೆ. ಹಾಗಾದರೆ ಅವರು ಇರುವುದೆಲ್ಲಿ? ಹತ್ತು ಜನ ಕೂಡಿ ಬಾಳುವಂಥ ಮನೆಗಳನ್ನು ಸರಕಾರ ‘ಯುಕ್ತ ಅವಧಿಯೊಳಗೆ’ ಒದಗಿಸಬೇಕಂತೆ! ಸರಪಳಿ ಹಾಕಿದವನಿಗೆ ಮೊದಲ ತಪ್ಪಿಗೇ ಆರು ತಿಂಗಳವರೆಗೆ ಜೈಲಾಗಬಹುದು. ಮನೆ ಕಟ್ಟದ ಸರಕಾರಕ್ಕೆ ಕಾಯ್ದೆಯಲ್ಲಿ ಒಂದು ಗಡುವೂ ಇಲ್ಲ. ಆಸ್ಪತ್ರೆಯ ಗೇಟಿನಲ್ಲಿ ಮಗನ ಕೈಹಿಡಿದು ನಿಂತ ತಾಯಿ ಮತ್ತೆ ದರ್ಗಾದ ಬಸ್ಸು ಹತ್ತಿದರೆ ಅವಳನ್ನು ಮೂಢಳೆನ್ನಲು ನನಗೆ ಬಾಯಿ ಬರುವುದಿಲ್ಲ.