ಗೋಡೆಗೆ ಬೆನ್ನು ಕೊಟ್ಟ ಕಸೂತಿ

ಕುಂದಗೋಳ, ಅಣ್ಣಿಗೇರಿ ಕಡೆಯ ಕೆಲವು ಮನೆಗಳ ಪಡಸಾಲೆಯಲ್ಲಿ ದೇವರ ಪಟ, ಹಿರಿಯರ ಫೋಟೋಗಳ ಸಾಲಿನಲ್ಲಿ ಇನ್ನೊಂದು ಕಟ್ಟು ಕಾಣುತ್ತದೆ. ಗಾಜಿನ ಕೆಳಗೆ ಗೇಣಗಲದ ಕಪ್ಪು ಬಟ್ಟೆ, ಅದರಲ್ಲಿ ಬಿಳಿ, ಕೆಂಪು ಎಳೆಯ ಗೋಪುರವೋ ತೇರೋ ಇರುತ್ತದೆ. ಚಂದ್ರಕಾಳಿ ಸೀರೆಯ ಸೆರಗಿನಲ್ಲಿ, ಕುಬಸದಲ್ಲಿ, ಕೂಸಿನ ಕುಂಚಿಗೆಯಲ್ಲಿ ಇದ್ದ ಕಸೂತಿ ಅದು. ಹರಿದ ಸೀರೆ ಕೌದಿಯ ಒಳಪದರವಾಗಿ ಮರೆಯಾಗುವ ಬದಲು ಗೋಡೆಗೆ ಏರಿದ್ದು ಸಂತೋಷವೇ. ಆದರೆ ಕಟ್ಟು ಹಾಕಿಸುವ ರೀತಿ ಕಸೂತಿಗೆ ನ್ಯಾಯ ಮಾಡುತ್ತಿಲ್ಲ.

ಕಸೂತಿಯ ಹೊಲಿಗೆ ನಾಲ್ಕು: ಗಾವಂತಿ, ಮುರಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗಾವಂತಿಯಲ್ಲಿ ಸೂಜಿ ನಡುನಡುವೆ ಜಾಗ ಬಿಡುತ್ತ ಸಾಲಿನ ತುದಿ ಮುಟ್ಟುತ್ತದೆ. ಮರಳುವಾಗ ಬಿಟ್ಟದ್ದನ್ನು ತುಂಬುತ್ತ ಬರುತ್ತದೆ. ಮುರಗಿ ಅದೇ ನಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹೀಗಾಗಿ ಇವೆರಡರಲ್ಲಿ ಮುಂದೆ ಹಿಂದೆ ಒಂದೇ ಚಿತ್ತಾರ, ಗಂಟು ಎಲ್ಲೂ ಇಲ್ಲ. ಹೊರಟಲ್ಲಿಗೇ ದಾರಿ ತಪ್ಪದೆ ಮರಳುವ ಆ ಲೆಕ್ಕವೇ ಈ ಕಲೆಯ ಜೀವ. ನಮ್ಮಮ್ಮ, ಅವ್ವನ ತಾಯಿ, ಹೇಳುತ್ತಿದ್ದಳು: “ಮುಂದ ಎಲ್ಲಾರೂ ಛಲೋ ಹಾಕ್ತಾರ. ಸೆರಗು ತಿರುವಿ ನೋಡು, ಕೈ ಯಾರದಂತ ತಿಳೀತದ.”

ಆಕೆಯ ಸೆರಗಿನ ತುಂಡೊಂದಕ್ಕೆ ನಾನೇ ಪೇಟೆಯಲ್ಲಿ ಕಟ್ಟು ಹಾಕಿಸಿದ್ದೆ. ಹಿಂದೆ ರಟ್ಟಿಟ್ಟು ಗೋಂದು ಬಳಿದು ಅಂಟಿಸಿದ್ದರು. ಗಾಜು ಎಳೆಗೆ ಒತ್ತಿಕೊಂಡಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಂದಿನ ಕಲೆ ಮುಂದಕ್ಕೆ ಬಂತು. ಅದಕ್ಕಿಂತ ದೊಡ್ಡ ನಷ್ಟ, ಅಮ್ಮ ತಿರುವಿ ನೋಡೆಂದ ಬದಿಯೇ ರಟ್ಟಿಗೆ ಅಂಟಿ ಹೋಗಿತ್ತು.

ಕೈಕೆಲಸವನ್ನು ಕೆಡಿಸದೆ ಕಟ್ಟು ಹಾಕುವುದು ಹೇಗೆಂಬ ಪ್ರಶ್ನೆಯನ್ನು ಬಹಳ ದೂರದವರೂ ಎದುರಿಸಿದ್ದಾರೆ. ಇಂಗ್ಲೆಂಡು, ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಮೀನು ಹಿಡಿಯಲು ಗಾಳಕ್ಕೆ ಗರಿ, ರೇಷ್ಮೆ, ಜರಿ ಸುತ್ತಿ ಹುಸಿನೊಣ ಕಟ್ಟುತ್ತಿದ್ದರು. ಜಾರ್ಜ್ ಕೆಲ್ಸನ್ 1895ರಲ್ಲಿ ಅವುಗಳ ಮೇಲೆ ದೊಡ್ಡ ಪುಸ್ತಕವನ್ನೇ ತಂದ. ಕಲಘಟಗಿಯ ಪಡುವಣದ ಕಾಡಿನಲ್ಲಿ ಕೂಗುವಂಥ ಬೂದು ಕಾಡುಕೋಳಿಯ ಕೊರಳ ಗರಿಗೆ ಆ ಕಸುಬಿನಲ್ಲಿ ಭಾರಿ ಬೇಡಿಕೆಯಿತ್ತು. ಈಗ ನಮ್ಮಲ್ಲಿ ಆ ಹಕ್ಕಿಗೆ ಕಾಯ್ದೆಯ ರಕ್ಷಣೆಯಿದೆ. ಇಂದು ಅಂಥ ಎಷ್ಟೋ ನೊಣಗಳು ನೀರು ಮುಟ್ಟುವುದೇ ಇಲ್ಲ, ಕಟ್ಟಿಗೆಂದೇ ಹುಟ್ಟುತ್ತವೆ. ಆದರೆ ಬಲ್ಲವರು ಅವನ್ನು ಗಾಜಿಗೆ ಒತ್ತುವುದಿಲ್ಲ. ಆಳವಾದ ಪೆಟ್ಟಿಗೆಯಲ್ಲಿ, ಸಣ್ಣ ತಂತಿಯ ತುದಿಯಲ್ಲಿ ಗಾಳಿಯಲ್ಲಿ ನಿಂತಂತೆ ಇಡುತ್ತಾರೆ. ವಸ್ತುವಿನ ಗುಣ ನೋಡಿ ಕಟ್ಟು ಮಾಡಿದ್ದಾರೆ. ಆ ವಿವೇಕ ನಮಗೂ ಬೇಕು.

ಕಸೂತಿಗೆ ಒಪ್ಪುವ ಕಟ್ಟು ಎರಡು ಗಾಜಿನದು. ಬಟ್ಟೆಯ ಅಂಚನ್ನು ಹತ್ತಿಬಟ್ಟೆಯ ಪಟ್ಟಿಗೆ ಹೊಲಿದು, ಗಾಜು ಎಳೆಗೆ ತಾಗದಂತೆ ನಡುವೆ ತೆಳು ಕಟ್ಟಿಗೆಪಟ್ಟಿ ಕೊಡಬೇಕು. ಗೋಂದು ಬೇಡ, ನೇರ ಬಿಸಿಲು ಬೇಡ. ಮೆಂತಿಯ ಅಡ್ಡಹೊಲಿಗೆಗೆ ಒಂದು ಗಾಜು ಸಾಕು, ಅದರ ಹಿಂಬದಿ ಮುಂಬದಿಯಂತಿರುವುದಿಲ್ಲ. ನೇಗಿಯ ಹಿಂಬದಿಯಲ್ಲಿ ಚಿತ್ತಾರ ತಿರುವುಮುರುವಾಗುತ್ತದೆ, ಅದೂ ನೋಡುವಂಥದ್ದೇ. ಇನ್ನು, ಗಟ್ಟಿಯಿರುವ ಸೀರೆಯನ್ನು ಕಟ್ಟಿಗಾಗಿ ಕತ್ತರಿಸುವುದು ತಪ್ಪು. ಉಡುವಷ್ಟು ದಿನ ಉಡಬೇಕು.

ನನ್ನ ಮುಖ್ಯ ತಕರಾರು ಮುಂದಿನ ಕೈಗಳ ಬಗ್ಗೆ. ಕಟ್ಟಿಗೆಂದೇ ಹೊಸ ಕಸೂತಿ ಹಾಕುವಾಗ, ಹಿಂಬದಿ ರಟ್ಟಿನಲ್ಲಿ ಮುಚ್ಚಿಹೋಗುತ್ತದೆಂದು ಗೊತ್ತಿದ್ದರೆ ಅಲ್ಲಿ ಗಂಟು ಬೀಳುತ್ತದೆ, ಎಳೆ ಅಡ್ಡ ಹಾಯುತ್ತದೆ. ನೋಡುವವರಿಲ್ಲದ ಕಡೆ ಲೆಕ್ಕ ಸಡಿಲಾಗುತ್ತದೆ. ಧಾರವಾಡ ಸೀಮೆಯ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆ ಹೆಸರನ್ನು ಕಾಯಬಲ್ಲದು; ಹಿಂಬದಿಯನ್ನು ಕಾಯಬೇಕಾದವರು ಕೊಳ್ಳುವವರು, ತೂಗುಹಾಕುವವರು.

ಅಮ್ಮನ ತುಂಡನ್ನು ಒದ್ದೆ ಮಾಡಿ ನಿಧಾನಕ್ಕೆ ಬಿಡಿಸಿದೆವು. ಕಲೆ ಪೂರ್ತಿ ಹೋಗಲಿಲ್ಲ. ಈಗ ಅದು ಎರಡು ಗಾಜಿನ ನಡುವೆ ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ಬಾಗಿಲ ಮೇಲೆ ತೂಗುತ್ತದೆ. ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ಅದೇ ಗೋಪುರ ಕಾಣುತ್ತದೆ.