ರದ್ದಿಗೆ ಕಟ್ಟಿದ ಪತ್ತೇದಾರಿ ಪುಸ್ತಕಗಳು

ಹೋದ ಬೇಸಿಗೆಯಲ್ಲಿ ನಮ್ಮ ವಾಚನಾಲಯದ ಬೀರು ಒಪ್ಪ ಮಾಡುವಾಗ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬೇರೆ ಕಟ್ಟು ಕಟ್ಟಿ ಮೂಲೆಗಿಟ್ಟರು. "ಎಲ್ಲಾ ಹರಿದಿವೆ, ಮಕ್ಕಳು ಇದರಲ್ಲಿ ಕಲಿಯೋದೇನೂ ಇಲ್ಲ, ರದ್ದಿಗೆ ಹಾಕೋಣ" ಅಂದರು ಮೇಷ್ಟ್ರೊಬ್ಬರು. ಒಳ್ಳೆಯ ಮನುಷ್ಯರೇ. ಏಳನೇ ಕ್ಲಾಸಿನವನು ಏನಂತ ಎದುರಾಡಲಿ ಅಂತ ಆವತ್ತು ಸುಮ್ಮನಿದ್ದೆ. ಈಗ ಬರೀತಾ ಇದೀನಿ.

ನರಸಿಂಹಯ್ಯನವರು ಓದಿದ್ದು ನನಗಿಂತ ಮೂರು ಕ್ಲಾಸು ಕಮ್ಮಿ, ನಾಲ್ಕನೇ ತರಗತಿ. 1925ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದರು, ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡಿದರು. 1952ರಲ್ಲಿ 'ಪತ್ತೇದಾರ ಪುರುಷೋತ್ತಮನ ಸಾಹಸ' ಬಂತು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಬರೆದ ಕಾದಂಬರಿ ಐನೂರಕ್ಕೂ ಮೇಲೆ. ಪುರುಷೋತ್ತಮ ಒಬ್ಬನೇ ಅಲ್ಲ, ಮಧುಸೂದನ, ಅರಿಂಜಯ, ಗಾಳಿರಾಯ ಇವರೂ ಅವರ ಪತ್ತೇದಾರರೇ.

ನಮ್ಮ ತಾಳವಾಡಿ ಕಡೆ ಏಳು ಮುಗಿಸಿ ನೇಗಿಲು ಹಿಡಿದವನಿಗೆ ಕನ್ನಡದ ಅಕ್ಷರ ಎಲ್ಲಿ ಕಣ್ಣಿಗೆ ಬೀಳಬೇಕು? ಬಸ್ಸಿನ ಬೋರ್ಡು ತಮಿಳು, ರೇಷನ್ ಕಾರ್ಡು ತಮಿಳು, ಜಮೀನಿನ ಪಟ್ಟಾ ತಮಿಳು. ನನ್ನ ಜೊತೆ ಕೂತು ಓದಿದವರು ಎಷ್ಟೋ ಜನ ಈಗ ಕನ್ನಡದಲ್ಲಿ ರುಜು ಹಾಕೋದು ಬಿಟ್ಟರೆ ಬೇರೇನೂ ಓದಲಾರರು. ನನಗೆ ಓದು ಉಳಿದದ್ದು ನಮ್ಮ ಸೋದರಮಾವ ಚಾಮರಾಜನಗರದ ಸಂತೆಯಿಂದ ತರುತ್ತಿದ್ದ ಹಳೇ ಪುಸ್ತಕಗಳಿಂದ. ರಾಗಿ ಹೊಲಕ್ಕೆ ಆನೆ ಬರುತ್ತೆ ಅಂತ ಅಟ್ಟಣೆ ಮೇಲೆ ರಾತ್ರಿ ಕಾಯುವಾಗ ಲಾಟೀನು ಹಚ್ಚಿಕೊಂಡು ಅಪ್ಪನಿಗೆ ಓದಿ ಹೇಳುತ್ತಿದ್ದೆ. ಅಪ್ಪ ದೇವರಗುಡ್ಡರು, ಕಂಸಾಳೆ ಹಿಡಿದು ಮಾದಪ್ಪನ ಕತೆ ಹಾಡೋರು. ಅಕ್ಷರ ಬಾರದು.

ಪಾಠದ ಪುಸ್ತಕದ ವಾಕ್ಯ ಬಾಲ ಮುಟ್ಟುವಷ್ಟರಲ್ಲಿ ತಲೆ ಮರೆತುಹೋಗುತ್ತಿತ್ತು. ಇವರದು ಹಾಗಲ್ಲ. ಒಂದು ವಾಕ್ಯಕ್ಕೆ ಒಂದೇ ಕೆಲಸ. ಎಡವಿ ಎಡವಿ ಓದೋನಿಗೂ ಉಸಿರು ಸಾಲುತ್ತಿತ್ತು, ಕೇಳೋರಿಗೂ ಎಳೆ ತಪ್ಪುತ್ತಿರಲಿಲ್ಲ. ಅಧ್ಯಾಯ ನಿಲ್ಲಿಸುವ ಜಾಗವಂತೂ ನಮ್ಮ ಹಾಡಿನವರಿಗೆ ಚೆನ್ನಾಗಿ ಗೊತ್ತಿರುವ ಜಾಗ. ಜನ ಎದ್ದು ಹೋಗಲಾಗದ ಕಡೆ ಕಂಸಾಳೆ ನಿಲ್ಲಿಸಿ ಟೀ ಕುಡಿಯೋಕೆ ಎದ್ದೇಳ್ತೀವಲ್ಲ, ಅದೇ. "ಇವ್ನೂ ನಮ್ಮಂಗೇ ಹಾಡೋ ಮನ್ಸ ಕನ ಮಗ, ಮುಂದಕ ಓದು" ಅನ್ನೋರು ಅಪ್ಪ.

ಕೊರತೆಯನ್ನೂ ಹೇಳಿದವರು ಅಪ್ಪನೇ. "ಕೊಂದೋನು ಯಾರು ಅಂತ ಗೊತ್ತಾಯ್ತಲ್ಲ, ಇನ್ನು ಯಾತಕ್ಕ ಓದೀಯೆ?" ಸಂಕಮ್ಮನ ಸಾಲು ನೋಡಿ. ನೀಲೇಗೌಡ ಹೆಂಡತಿ ಮೇಲೆ ಅನುಮಾನಪಟ್ಟು ಬಲಗೈ ಭಾಷೆ ಕೇಳುತ್ತಾನೆ, ಅವಳು ಕೊಡಲಿಲ್ಲ ಅಂತ ಹಿಂಸೆ ಮಾಡಿ ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಬಿಡಿಸೋದು ಕೂತವರಿಗೆಲ್ಲ ಗೊತ್ತು. ಆದರೂ ಪ್ರತಿಸಲ ಹೆಂಗಸರು ಸೆರಗು ಕಣ್ಣಿಗೆ ಒತ್ತುತ್ತಾರೆ. ನರಸಿಂಹಯ್ಯನವರಲ್ಲಿ ಆ ಅಳು ಬರೋದಿಲ್ಲ. ಕಳ್ಳ ಸಿಕ್ಕಿದ ಮೇಲೆ ಸತ್ತವನ ಮನೆಯಲ್ಲಿ ಒಲೆ ಹಚ್ಚಿದರೋ ಇಲ್ಲವೋ ಅಂತ ಯಾರೂ ಕೇಳೋದಿಲ್ಲ, ನಾನು ಓದಿದವುಗಳಲ್ಲಂತೂ ಕೇಳಲಿಲ್ಲ. ಐನೂರು ಬರೆದ ಕೈಗೆ ಅಲ್ಲಿ ನಿಲ್ಲೋಕೆ ಪುರುಸೊತ್ತು ಎಲ್ಲಿತ್ತು?

ಅಷ್ಟಕ್ಕೇ ರದ್ದಿಗೆ ಹಾಕಬೇಕಾ? ನನ್ನ ಮೊಮ್ಮಗಳು ತಮಿಳು ಪಟಪಟ ಓದುತ್ತಾಳೆ, ಕನ್ನಡದಲ್ಲಿ ಒತ್ತಕ್ಷರ ಬಂದರೆ ನಿಲ್ಲುತ್ತಾಳೆ. ಆ ಕಟ್ಟಿನಿಂದ ಒಂದನ್ನು ಮೊನ್ನೆ ಕೇಳದೆ ತಂದೆ (ತಪ್ಪೇ). ಎಂಟು ಪುಟ ಓದಿದಳು. ಒಂಬತ್ತನೆಯದನ್ನು ಊಟಕ್ಕೆ ಕರೆದಾಗ ಬಾಗಿಲಲ್ಲಿ ನಿಂತು ಓದಿದಳು.

ಅಟ್ಟಣೆ ಮೇಲೆ ಓದಿದ ಪುಸ್ತಕಗಳಲ್ಲಿ ಒಂದಕ್ಕೆ ಕೊನೇ ಹಾಳೆಗಳೇ ಇರಲಿಲ್ಲ. ಅಪ್ಪ ಒಂದು ರಾತ್ರಿ ಅಳಿಯನನ್ನು ಕೊಲೆಗಾರ ಮಾಡಿದರು, ಮಾರನೇ ರಾತ್ರಿ ಅಡಿಗೆಯವನನ್ನು. ನಿಜವಾದವನು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ರಟ್ಟೂ ಹರಿದಿದ್ದರಿಂದ ಪುಸ್ತಕದ ಹೆಸರೂ ತಿಳಿಯದು. ಮೂಲೆಯ ಕಟ್ಟಿನಲ್ಲಿ ಹುಡುಕ್ತಾ ಇದೀನಿ, ಇನ್ನೂ ಅರ್ಧ ಉಳಿದಿದೆ. ಅಲ್ಲಿವರೆಗಾದರೂ ಬಿಡಿ.