ಎರಡು ದಿನದ ಪುಣೆ ದರ್ಶನ

ಹುಬ್ಬಳ್ಳಿಯಲ್ಲಿ ಶುಕ್ರವಾರ ರಾತ್ರಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಸ್ವಾರಗೇಟ್. ಭಾನುವಾರ ರಾತ್ರಿ ವಾಪಸ್. ನಡುವಿನ ಎರಡು ದಿನಕ್ಕೆ ನಮ್ಮವರೆಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ಪಟ್ಟಿ: ದಗಡೂಶೇಟ್ ಗಣಪತಿ, ಶನಿವಾರವಾಡಾ, ಲಾಲ್ ಮಹಲ್, ಆಗಾ ಖಾನ್ ಅರಮನೆ, ಹೊತ್ತು ಉಳಿದರೆ ಸಿಂಹಗಡ. ಪಟ್ಟಿಯ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ಆದರೆ ಆ ಜಾಗಗಳಲ್ಲಿ ನಿಂತು ನಾವು ಏನನ್ನು ನೋಡುತ್ತೇವೆ, ಏನನ್ನು ಕೇಳಿಸಿಕೊಂಡು ಬರುತ್ತೇವೆ ಎಂಬುದರ ಬಗ್ಗೆ ಖಂಡಿತ ಇದೆ.

ಶನಿವಾರವಾಡೆಯನ್ನೇ ತೆಗೆದುಕೊಳ್ಳಿ. ದಿಲ್ಲಿ ದರವಾಜಾದ ಬಾಗಿಲಲ್ಲಿ ಆನೆ ಹಾಯದಂತೆ ಬಡಿದ ಕಬ್ಬಿಣದ ಮೊಳೆಗಳ ಮುಂದೆ ಫೋಟೋ ಆಗುತ್ತದೆ. ಒಳಗೆ ಕಾಲಿಟ್ಟರೆ ಹುಲ್ಲುಹಾಸು, ಕಲ್ಲಿನ ಪಾಯ, ನೀರಿಲ್ಲದ ಕಾರಂಜಿ ಕುಂಡ. ‘ಒಳಗೆ ಏನೂ ಇಲ್ಲ’ ಎಂದು ಹತ್ತೇ ನಿಮಿಷದಲ್ಲಿ ಹೊರಬೀಳುವವರನ್ನು ಎಷ್ಟು ಸಲ ನೋಡಿದ್ದೇನೋ. ಪೇಶ್ವೆ ಒಂದನೇ ಬಾಜೀರಾಯ 1730ರ ಜನವರಿ 10, ಶನಿವಾರದಂದು ಇದಕ್ಕೆ ಅಡಿಗಲ್ಲು ಹಾಕಿದ, 1732ರಲ್ಲಿ ಗೃಹಪ್ರವೇಶವಾಯಿತು. 1828ರ ಫೆಬ್ರುವರಿಯಲ್ಲಿ ಬಿದ್ದ ಬೆಂಕಿಗೆ ಮರದ ಮಹಡಿಗಳೆಲ್ಲ ಆಹುತಿಯಾದವು. ಉಳಿದದ್ದು ಕೋಟೆಗೋಡೆ, ಬಾಗಿಲುಗಳು, ತಳಪಾಯ. ಅಂದರೆ ನಮ್ಮ ಮುಂದಿರುವುದು ಸುಟ್ಟುಹೋದ ಮನೆಯ ನೆಲ. ಹಾಗೆಂದು ತಿಳಿದು ನಿಂತರೆ ಕೋಣೆಗಳ ಅಳತೆ, ಅಂಗಳಗಳ ಸಾಲು, ಹದಿನಾರು ದಳದ ತಾವರೆಯಾಕಾರದ ಹಜಾರಿ ಕಾರಂಜಿ ಒಂದೊಂದಾಗಿ ಕಣ್ಣಿಗೆ ಹತ್ತುತ್ತವೆ.

ಆ ಖಾಲಿತನವನ್ನು ತುಂಬಲು ಈಗ ಬಳಕೆಯಲ್ಲಿರುವುದು ದೆವ್ವದ ಕಥೆ. ಹುಣ್ಣಿಮೆ ರಾತ್ರಿ ನಾರಾಯಣರಾಯ ‘ಕಾಕಾ, ಮಲಾ ವಾಚವಾ’ (ಚಿಕ್ಕಪ್ಪ, ನನ್ನನ್ನು ಉಳಿಸಿ) ಎಂದು ಕೂಗುತ್ತಾನಂತೆ. 1773ರ ಆಗಸ್ಟ್ 30ರಂದು ಹದಿನೆಂಟರ ಪೇಶ್ವೆಯನ್ನು ಅವನದೇ ಕಾವಲಿನವರು ಈ ವಾಡೆಯೊಳಗೆ ಕೊಂದರು. ಆಮೇಲೆ ನಡೆದದ್ದು ದೆವ್ವಕ್ಕಿಂತ ದೊಡ್ಡ ಕಥೆ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ವಿಚಾರಣೆ ನಡೆಸಿ, ಗಾದಿಗೆ ಬಂದ ಚಿಕ್ಕಪ್ಪ ರಘುನಾಥರಾಯನನ್ನೇ ದೋಷಿ ಎಂದು ಎದುರಾಎದುರೇ ಹೇಳಿ, ಹುದ್ದೆ ಬಿಟ್ಟು ಪುಣೆಯಿಂದ ಹೊರಟುಹೋದರು. ಅಧಿಕಾರದಲ್ಲಿರುವವನ ಮುಖಕ್ಕೆ ತೀರ್ಪು ಹೇಳಿದ ಆ ಮನುಷ್ಯನ ಹೆಸರನ್ನು ಮಕ್ಕಳಿಗೆ ಹೇಳದೆ ಕೂಗಿನ ಕಥೆಯನ್ನಷ್ಟೇ ಹೇಳಿ ಕಳಿಸುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ವಾಡೆಯ ಖಾಲಿತನಕ್ಕೆ ಪರಿಹಾರವೂ ಅಲ್ಲೇ ಹತ್ತಿರದಲ್ಲಿದೆ. ಬಾಜೀರಾವ್ ರಸ್ತೆಯಲ್ಲಿ ನಡೆದುಹೋದರೆ ವಿಶ್ರಾಮಬಾಗ್ ವಾಡಾ ಸಿಗುತ್ತದೆ. ಕೊನೆಯ ಪೇಶ್ವೆ ಎರಡನೇ ಬಾಜೀರಾಯ 1807ರ ಹೊತ್ತಿಗೆ ಕಟ್ಟಿಸಿದ್ದು. ಬೀದಿಗೆ ಮುಖಮಾಡಿದ ತೇಗದ ಕೆತ್ತನೆ, ಸುರೂ ಮರದ ಹಾಗೆ ಮೇಲಕ್ಕೆ ಸಣ್ಣಗಾಗುವ ಕಂಬಗಳು, ಕಂಬದ ತಲೆಯಲ್ಲಿ ಬಾಳೆಹೂವಿನಂಥ ಕೆತ್ತನೆ. ಇದನ್ನು ಮೊದಲು ನೋಡಿ ಆಮೇಲೆ ಶನಿವಾರವಾಡೆಗೆ ಬಂದರೆ ಸುಟ್ಟುಹೋದದ್ದು ಎಂಥದ್ದೆಂಬ ಅಂದಾಜು ಸಿಗುತ್ತದೆ. ಪಟ್ಟಿಯಲ್ಲಿ ಈ ವಾಡೆಗೆ ಜಾಗವಿಲ್ಲ. ಲಾಲ್ ಮಹಲಿಗೆ ಇದೆ. ಈಗಿನ ಲಾಲ್ ಮಹಲ್ 1980ರ ದಶಕದಲ್ಲಿ ಹೊಸದಾಗಿ ಕಟ್ಟಿದ್ದು. ಮೊಘಲ್ ಸರದಾರ ಶಾಯಿಸ್ತಾಖಾನನ ಮೇಲೆ ಶಿವಾಜಿ ಎರಗಿದ ಜಾಗದ ನೆನಪಿಗಾಗಿ ಹೋಗಬಹುದು, ಹಳೆಯ ಕಟ್ಟಡ ನೋಡಲೆಂದು ಬೇಡ.

ಆಗಾ ಖಾನ್ ಅರಮನೆಯಲ್ಲಿ ತೊಂದರೆ ಬೇರೆ ಬಗೆಯದು. ಅದರ ಮುಂಭಾಗ ತೀರಾ ಚೆಂದ. 1892ರಲ್ಲಿ, ಬರದಿಂದ ಕಂಗೆಟ್ಟವರಿಗೆ ಕೆಲಸ ಸಿಗಲೆಂದು ಮೂರನೇ ಆಗಾ ಖಾನ್ ಕಟ್ಟಿಸಿದ ಇಟಲಿ ಶೈಲಿಯ ಕಮಾನುಗಳ ಸೌಧ. ಜನ ಕಮಾನಿನ ಮುಂದೆಯೇ ನಿಂತುಬಿಡುತ್ತಾರೆ. ಆದರೆ ಈ ಅರಮನೆಗೆ ಅರ್ಥ ಬಂದಿರುವುದು ಅದು ಸೆರೆಮನೆಯಾದ್ದರಿಂದ. 1942ರ ಆಗಸ್ಟ್‌ನಲ್ಲಿ ಗಾಂಧೀಜಿಯನ್ನು ಇಲ್ಲಿಗೆ ತಂದರು. ಒಂದು ವಾರ ಕಳೆಯುವುದರೊಳಗೆ, ಆಗಸ್ಟ್ 15ರಂದು, ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ತೀರಿಕೊಂಡರು. 1944ರ ಫೆಬ್ರುವರಿ 22ರಂದು ಕಸ್ತೂರಬಾ ಹೋದರು. ಮೇ ತಿಂಗಳಲ್ಲಿ ಗಾಂಧೀಜಿ ಬಿಡುಗಡೆಯಾದಾಗ ಜೊತೆಗೆ ಬಂದಿದ್ದ ಇಬ್ಬರು ಇಲ್ಲಿನ ಮಣ್ಣಿನಲ್ಲೇ ಉಳಿದರು. ಸಮಾಧಿಗಳು ತೋಟದ ಕೊನೆಯಲ್ಲಿವೆ, ಅಕ್ಕಪಕ್ಕದಲ್ಲಿ. ಆವರಣವನ್ನು ರೂಪಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಅಲ್ಲಿ ಅಲಂಕಾರವಿಲ್ಲ, ಗದ್ದಲವಿಲ್ಲ. ಬಸ್ಸಿನವರು ಹಾರ್ನ್ ಹಾಕುವ ಹೊತ್ತಿಗೆ ಬಹಳ ಜನ ಅಲ್ಲಿಯ ತನಕ ಹೋಗಿರುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬುಧವಾರ ಪೇಟೆಯ ರಸ್ತೆ. ದಗಡೂಶೇಟ್ ಗಣಪತಿಯ ಸಾಲಿನಲ್ಲಿ ನಿಂತವರು ಸುಮ್ಮನೆ ತಿರುಗಿ ಎದುರಿಗೆ ನೋಡಿದರೆ ಸಾಕು, ಅದು ಭಿಡೆ ವಾಡೆ ಇದ್ದ ಜಾಗ. 1848ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲೇ. ಶಿಥಿಲವಾಗಿ ನಿಂತಿದ್ದ ವಾಡೆಯನ್ನು ಸ್ಮಾರಕ ಕಟ್ಟಲೆಂದು 2023ರ ಡಿಸೆಂಬರ್‌ನಲ್ಲಿ ಕೆಡವಿದರು. ಗಣಪತಿಗೆ ಕೈಮುಗಿದ ಹೆಣ್ಣುಮಕ್ಕಳು ಒಂದು ಗಳಿಗೆ ಆ ಕಡೆಗೂ ತಿರುಗಿ ಕೈಮುಗಿಯಲಿ ಅನ್ನಿಸುತ್ತದೆ. ಇನ್ನೊಂದರ್ಧ ಗಂಟೆ ಇದ್ದರೆ ಗಂಜ್ ಪೇಟೆಯ ಫುಲೆ ವಾಡೆಗೆ ಹೋಗಿಬನ್ನಿ. ಅಸ್ಪೃಶ್ಯರೆನಿಸಿಕೊಂಡವರಿಗೆ 1868ರಲ್ಲಿ ತೆರೆದುಕೊಟ್ಟ ಮನೆಯ ಬಾವಿ ಅಲ್ಲಿದೆ.

ಕೊನೆಗೆ, ಕನ್ನಡಿಗರಾದ ನಾವು ನೋಡದೆ ಬರುವ ನಮ್ಮದೇ ಜಾಗ. ಜಂಗಲಿ ಮಹಾರಾಜ್ ರಸ್ತೆಯ ಅಂಗಡಿಗಳ ನಡುವೆ ಕೆಲವು ಮೆಟ್ಟಿಲು ಇಳಿದರೆ ಪಾತಾಳೇಶ್ವರ. ಎಂಟನೇ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಕಪ್ಪು ಬಂಡೆಯನ್ನೇ ಕೊರೆದು ಮಾಡಿದ ಗುಡಿ. ನಮ್ಮ ಮಳಖೇಡವನ್ನು ಮುಂದೆ ರಾಜಧಾನಿ ಮಾಡಿಕೊಂಡ ಅದೇ ವಂಶ. ಎಲ್ಲೋರದ ಕೈಲಾಸವೂ ಆ ವಂಶದ ಒಂದನೇ ಕೃಷ್ಣನದೇ. ಪುಣೆಯ ಹೆಸರು ಮೊದಲು ಸಿಗುವುದೂ ಆ ವಂಶದ ತಾಮ್ರಪಟಗಳಲ್ಲೇ. ಅಂಗಳದಲ್ಲಿ ದುಂಡನೆಯ ನಂದಿ ಮಂಟಪ, ಕೊಡೆ ಬಿಚ್ಚಿಟ್ಟ ಹಾಗೆ. ಒಳಗಿನ ಕಂಬಗಳು ದಪ್ಪ, ಚೌಕ, ಬೋಳು. ಕೆಲಸ ಮುಗಿದೇ ಇಲ್ಲ. ಕಂಬದ ಮೇಲೆ ಅಂಗೈ ಇಟ್ಟರೆ ಕಲ್ಲು ತಣ್ಣಗಿರುತ್ತದೆ, ಉಳಿಯ ಗೀರು ಬೆರಳಿಗೆ ತಗಲುತ್ತದೆ. ಸಾವಿರದಿನ್ನೂರು ವರ್ಷದ ಹಿಂದೆ ಯಾರೋ ಕೈ ನಿಲ್ಲಿಸಿದ ಜಾಗ ಅದು.

ಆದ್ದರಿಂದ ಮುಂದಿನ ಸಲ ಹೋಗುವವರಲ್ಲಿ ನನ್ನದೊಂದು ಕೋರಿಕೆ. ಸಿಂಹಗಡವನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ. ಸ್ವಾರಗೇಟಿನಲ್ಲಿ ಇಳಿದು ಚಹಾ ಕುಡಿದವರೇ ಮೊದಲು ಪಾತಾಳೇಶ್ವರಕ್ಕೆ ಬನ್ನಿ. ಅಲ್ಲಿ ಟಿಕೆಟ್ ಇಲ್ಲ.